ನಕ್ಕಿ ನಕ್ಕಿ ಹೊಟ್ಟೆ ಬೋಳು ಮಾಡಿಗೊಂಡ ಬೊಳ್ಳಿ

ಎಂಗಳ ಬೊಳ್ಳಿಯ ನಿಂಗೊ ಹೆಚ್ಚಿನವು ನೋಡಿದ್ದಿ. ಮಗಳ ಮದುವೆಯ ಮರದಿನ ಪಾಯಸದ ಬಾಲ್ದಿ ಹಿಡ್ಕೊಂಡು ಬಂದ ಭಾವನ ಕಾಲಿನ ಎಡೆಂಗೆ ನುಗ್ಗಿ ಅರ್ಧ ಪಾಯಸ ಜೆಗಿಲಿಗೆ ಎರಶಿದ ಪುಚ್ಚೆ ಅದುವೇ. ಬೆನ್ನು, ಬೀಲ ಬೂದಿ ಬಣ್ಣ, ಹೊಟ್ಟೆಯೂ ಕಾಲಿನ ಒಳಾಣ ಹೊಡೆಯೂ ಬೆಳಿ. ಆರು ವರ್ಷ ಹಿಂದೆ ಎಂಗಳ ಹಟ್ಟಿಲೇ, ಬೆಳೂಲಿನ ಎಡೆಲಿ ಹುಟ್ಟಿದ್ದು.

ಹೆಸರು ಮಡಗಿದ್ದು ಎನ್ನ ಅತ್ತೆ. ಹಾಂಗೆ ಹೇಳಿ ಅವಕ್ಕೆ ಪುಚ್ಚೆ ಹೇಳಿರೆ ಪ್ರೀತಿ ಹೇಳಿ ಗ್ರೇಶೆಡಿ. 'ಮಡಿ ಮುಟ್ಟಿತ್ತು, ಹಾಲಿಂಗೆ ಬಾಯಿ ಹಾಕಿತ್ತು' ಹೇಳಿ ಉದಿಯಪ್ಪಗಂದ ಪರಂಚುಗು. ಇರುಳಪ್ಪಗ ಮಾತ್ರ ಅವರ ಹಾಸಿಗೆಯ ಕಾಲ ಹೊಡೆಲಿ ಒರಗುದು ಬೊಳ್ಳಿಯೇ. ಅತ್ತೆಯ ಕಾಲು ಯಾವಾಗಳೂ ತಂಪು, ಪುಚ್ಚೆಯ ಮೈ ಬೆಶಿ. ಇಬ್ರಿಂಗೂ ಅನುಕೂಲ. ಅವರ ಹಳೆ ಸೀರೆಗಳ ಒಂದರ ಮೇಲೆ ಒಂದು ಮಡಗಿ ಅವ್ವೇ ಹೊಲುದ ಒಂದು ಹೊದಕ್ಕೆ ಇತ್ತು, ಅದರ ಒಂದು ಮೂಲೆ ಬೊಳ್ಳಿಗೇ ಬಿಟ್ಟದು.

ಕಳುದ ಕಾರ್ತೀಕಲ್ಲಿ ಅತ್ತೆ ತೀರಿಗೊಂಡವು. ಅಖೇರಿಯಾಣ ಹನ್ನೊಂದು ದಿನ ಮಂಗಳೂರಿಲ್ಲಿ ಆಸ್ಪತ್ರೆಲಿ. ಜೀವಲ್ಲಿ ಮನಗೆ ಬೈಂದವಿಲ್ಲೆ. ಬೊಜ್ಜ ಎಲ್ಲ ಕಳುದು ನೆಂಟ್ರು ಹೋದ ಮೇಲೆ ಎನಗೆ ಅವರ ಕೋಣೆ ಉಡುಗಲೆ ಮನಸ್ಸು ಬಯಿಂದಿಲ್ಲೆ. ಬಾಗಿಲು ಎಳದು ಚಿಲಕ ಹಾಕಿದೆ. ಹೊದಕ್ಕೆ ಮಂಚಲ್ಲಿ ಮಡುಸಿದ ಹಾಂಗೇ ಇತ್ತು. 'ಅದರ ಒಗದು ಆರಿಂಗಾರು ಕೊಡು' ಹೇಳಿ ಇವು ಎರಡು ಸರ್ತಿ ಹೇಳಿದವು. 'ಅಕ್ಕು' ಹೇಳಿದೆ, ಮಾಡಿದ್ದಿಲ್ಲೆ. ಅತ್ತೆಯೂ ಆನುದೇ ಮೂವತ್ತೊಂದು ವರ್ಷ ಒಂದೇ ಒಲೆಬುಡಲ್ಲಿ ಇತ್ತಿದ್ದೆಯೊ°. ಜಗಳ ಮಾಡಿದ ದಿನಂಗಳೇ ಹೆಚ್ಚಿಕ್ಕು. ಆದರೆ ಆ ಹೊದಕ್ಕೆಲಿ ಅತ್ತೆಯ ವಾಸನೆ ಇತ್ತು, ಬೇನೆ ಎಣ್ಣೆದೂ ವೀಳ್ಯದೆಲೆದೂ ಸೇರಿದ ವಾಸನೆ. ಬೆಶಿನೀರಿಂಗೆ ಹಾಕಿರೆ ಅದು ಹೋವ್ತು. ಮತ್ತೆ ಬತ್ತಿಲ್ಲೆ.

ಇಷ್ಟು ಹಿನ್ನೆಲೆ ಎಂತಕೆ ಹೇಳಿದೆ ಹೇಳಿ ಮುಂದೆ ಗೊಂತಕ್ಕು.

ಮಕರ ತಿಂಗಳಿಲ್ಲಿ ಒಂದು ಹೊತ್ತೋಪಗ ಬೊಳ್ಳಿ ಜೆಗಿಲಿಲಿ ಅಂಗಾತ ಮನುಗಿತ್ತು. ನೋಡಿರೆ ಹೊಟ್ಟೆಯ ಕೆಳಾಣ ಹೊಡೆಲಿ ರೋಮವೇ ಇಲ್ಲೆ! ಹಸ್ತದಷ್ಟು ಅಗಲಕ್ಕೆ ಬೋಳು, ಗುಲಾಬಿ ಬಣ್ಣದ ಚರ್ಮ ಕಾಣ್ತು. ಹಿಂದಾಣ ಕಾಲಿನ ಒಳ ಹೊಡೆಲಿಯೂ ಹಾಂಗೆ. ಹುಣ್ಣು ಇಲ್ಲೆ, ನೆತ್ತರು ಇಲ್ಲೆ, ಆರೋ ಕತ್ತರಿಲಿ ನೀಟಕ್ಕೆ ತೆಗದ ಹಾಂಗೆ.

ಅಂದಿಂದ ಅದರ ಗಮನಿಸುಲೆ ಸುರು ಮಾಡಿದೆ. ಮದಲು ಗೊಂತಾಗದ್ದೆ ಇದ್ದದು ಎಂತಕೆ ಹೇಳಿರೆ, ಪುಚ್ಚೆ ಹೇಳಿರೆ ನಕ್ಕುದೇ ಅಲ್ಲದೊ? ಎಚ್ಚರ ಇಪ್ಪ ಹೊತ್ತಿನ ಮೂರನೇ ಒಂದು ಪಾಲು, ಕೆಲವು ಅರ್ಧವೇ, ಮೈ ನಕ್ಕುದರಲ್ಲೇ ಕಳೆತ್ತವು. ಅದರ ನಾಲಗೆಯ ಮೇಲೆ ಹಿಂದಂಗೆ ಬಗ್ಗಿದ ಸಣ್ಣ ಸಣ್ಣ ಮುಳ್ಳು ಇರ್ತು, ನಮ್ಮ ಉಗುರಿನ ಜಾತಿದೇ. ಅದೇ ಅದರ ಹಣಿಗೆ, ಅದೇ ಬ್ರಶ್ಶು. ಹಾಂಗಾಗಿ ನಕ್ಕುತ್ತಾ ಕೂದ ಪುಚ್ಚೆಯ ನೋಡಿರೆ ನವಗೆ ಎಲ್ಲ ಸರಿ ಇದ್ದು ಹೇಳಿಯೇ ಕಾಂಬದು. ಇದು ಬೇರೆ ನಮೂನೆ. ಒರಗಿದಲ್ಲಿಂದ ದಡಕ್ಕನೆ ಎದ್ದು ನಕ್ಕುಲೆ ಸುರು ಮಾಡುಗು. ಮೀನಿನ ಹಾಂಗಿಪ್ಪ ವಾಸನೆಯ ಬಿಸ್ಕುಟು ತೋರ್ಸಿ ದಿನುಗೇಳಿರೂ ತಲೆ ನೆಗ್ಗ. ಎರಡು ದಿನಕ್ಕೊಂದರಿ ಕಾರಿ ಕಾರಿ ರೋಮದ ಉಂಡೆ ಹೆರ ಹಾಕುಗು, ಅದುದೇ ಹೆಚ್ಚಾಗಿ ಎನ್ನ ಕಾಲೊರಸಿನ ಮೇಲೆಯೇ.

ಮನಗೆ ಬಂದ ಎಲ್ಲೋರೂ ಹೇಳಿದ್ದು ಒಂದೇ. 'ಪಾಪ, ಅದಕ್ಕೆ ಅತ್ತೆಯ ಚಿಂತೆ.' ಆಚಕರೆ ಅಕ್ಕ° ಕಣ್ಣಿಲ್ಲಿ ನೀರು ಹಾಕಿತ್ತು. ಎನಗೂ ಹಾಂಗೇ ಕಂಡದು. ಸತ್ಯ ಹೇಳ್ತೆ, ಎನಗೆ ಅದರಿಂದ ಒಂದು ನಮೂನೆ ಸಮಾಧಾನವೂ ಆಗಿಯೊಂಡಿತ್ತು. ಅತ್ತೆ ಹೋದ ಮೇಲೆ ಎನಗೆ ಸರಿಯಾಗಿ ಕೂಗುಲೆ ಎಡಿಗಾಯಿದಿಲ್ಲೆ. ಬಂದವಕ್ಕೆ ಕಾಫಿ ಮಾಡಿಯೊಂಡು, ಅಡಿಗೆಯವಕ್ಕೆ ಅಕ್ಕಿ ಅಳದು ಕೊಟ್ಟೊಂಡು ಹದಿಮೂರು ದಿನ ಹೋತು. ನಾದಿನಿ ಒಂದು 'ಅತ್ತಿಗೆಯ ಮನಸ್ಸು ಗಟ್ಟಿ' ಹೇಳಿತ್ತು. ಅದು ಹೊಗಳಿದ್ದಲ್ಲ ಹೇಳಿ ಎನಗೂ ಗೊಂತಿದ್ದು. ಈ ಪುಚ್ಚೆ ಆದರೂ ಮನೆಲಿ ದುಃಖ ಮಾಡ್ತಾ ಇದ್ದನ್ನೆ ಹೇಳಿ ಕಂಡತ್ತು. ಹಾಂಗಾಗಿ ಡಾಕ್ಟ್ರ ಹತ್ರೆ ಹೋಪಲೆ ಅಂಬೆರ್ಪು ಮಾಡಿದ್ದಿಲ್ಲೆ. ಚಿಂತೆಗೆ ಎಂತ ಮದ್ದು ಇದ್ದು?

ಮನೆಮದ್ದು ಮಾಡಿದೆ. ತೆಂಗಿನೆಣ್ಣೆಲಿ ಅರಿಶಿನ ಕಲಸಿ ಕಿಟ್ಟಿದೆ. ಎರಡು ನಿಮಿಷಲ್ಲಿ ಅಷ್ಟನ್ನೂ ನಕ್ಕಿ ತೆಗದು ನಾಲಗೆ ಹಳದಿ ಮಾಡಿಗೊಂಡತ್ತು. ಎಣ್ಣೆ ರುಚಿ ಸಿಕ್ಕಿದ ಮೇಲೆ ಮತ್ತೂ ಜೋರು. ಬೈದೆ, ಒಂದರಿ ಹಾಳೆ ಬೀಸಾಳೆಲಿ ನೆಲಕ್ಕೆ ಬಡುದು ಹೆದರ್ಸಿದೆ. ಅದು ಅಟ್ಟ ಹತ್ತಿ ಕತ್ತಲೆಲಿ ಕೂದು ನಕ್ಕುಲೆ ಸುರು ಮಾಡಿತ್ತು. ಹಟ್ಟಿ ಕೆಲಸದ ಜೆನ ಹೊಗೆಸೊಪ್ಪಿನ ನೀರು ಹಾಕುವ° ಹೇಳಿದ°, ದನಗಳ ಉಣುಗಿಂಗೆ ಮದಲಿಂಗೆ ಹಾಕಿಯೊಂಡಿದ್ದದು. ದೇವರು ದೊಡ್ಡವ°, ಅದರ ಮಾಡಿದ್ದಿಲ್ಲೆ. ಪುಚ್ಚೆಯ ಮೈಗೆ ಎಂತ ಕಿಟ್ಟಿರೂ ಅದು ಹೊಟ್ಟೆಗೇ ಹೋಪದು, ಎಂತಕೆ ಹೇಳಿರೆ ಅದು ನಕ್ಕುತ್ತನ್ನೆ. ಹೊಗೆಸೊಪ್ಪು ಅದಕ್ಕೆ ವಿಷ.

ಮಗ° ಪೇಟೆಂದ ಒಂದು ಸಣ್ಣ ಟ್ಯೂಬು ತಂದ°, ಕೊರಳ ಹಿಂದೆ ಬಿಡ್ತ ಬಿಂದು ಮದ್ದು. ಅಂಗಡಿಯವು 'ನಾಯಿಗಾದರೂ ಬೆಕ್ಕಿಗಾದರೂ ಒಂದೇ, ಅರ್ಧ ಹಾಕಿ' ಹೇಳಿದ್ದವಡ. ಹಾಕುಲೆ ಹೆರಟು ಪುಚ್ಚೆಯ ತೊಡೆಲಿ ಕೂರ್ಸಿಗೊಂಡಿತ್ತಿದ್ದೆ. ಅಷ್ಟಪ್ಪಗ ಎನ್ನ ತಂಗೆಯ ಮಗಳ ಫೋನು ಬಂತು. ಅದು ಹೆಬ್ಬಾಳದ ವೆಟರ್ನರಿ ಕಾಲೇಜಿಲ್ಲಿ ಕಲಿವದು. 'ಹೀಂಗೀಂಗೆ, ಮದ್ದು ಹಾಕ್ತಾ ಇದ್ದೆ' ಹೇಳಿದೆ. 'ದೊಡ್ಡಬ್ಬೆ, ನಿಲ್ಸು. ಅದರ ಹಿಂದೆ ಎಂತ ಬರದ್ದು, ಓದು' ಹೇಳಿತ್ತು. ಅಕ್ಷರ ಸಾಸಮೆಯಷ್ಟು ಸಣ್ಣ. ಮಗ° ಮೊಬೈಲಿಲ್ಲಿ ಫೋಟೊ ತೆಗದು ದೊಡ್ಡ ಮಾಡಿ ಓದಿದ°. ಪರ್ಮೆಥ್ರಿನ್.

ಅತ್ಲಾಗಿಂದ ಕೂಸು ಬೊಬ್ಬೆಯೇ ಹಾಕಿತ್ತು. ಪರ್ಮೆಥ್ರಿನ್ ಇಪ್ಪ ಬಿಂದು ಮದ್ದು ನಾಯಿ ತಡಕ್ಕೊಳ್ತು, ಪುಚ್ಚೆ ತಡಕ್ಕೊಳ್ತಿಲ್ಲೆ. ಪುಚ್ಚೆಯ ಪಿತ್ತಜನಕಾಂಗಕ್ಕೆ ಅದರ ಕರಗ್ಸಿ ಹೆರ ಹಾಕುವ ಶಕ್ತಿ ಕಮ್ಮಿ. ನಡುಗುಲೆ ಸುರು ಅಕ್ಕು, ಅಪಸ್ಮಾರದ ಹಾಂಗೆ ಬಕ್ಕು, ಸಾವಲೂ ಸಾಕು. ಅರ್ಧ ಹಾಕಿರೂ ಅಷ್ಟೇ. ಅದೇ ಕಾರಣಕ್ಕೆ ನಾವು ಜ್ವರಕ್ಕೆ ತಿಂಬ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಪುಚ್ಚೆಯ ಕೊಲ್ಲುಲೆ ಸಾಕಡ. ನೆಲಕ್ಕೆ ಹಾಕುವ ಫಿನಾಯಿಲೂ ಒಳ್ಳೆದಲ್ಲಡ, ಕಾಲಿಂಗೆ ಹಿಡುದ್ದರ ನಕ್ಕಿ ಒಳ ತೆಕ್ಕೊಳ್ತು. ಆ ಟ್ಯೂಬಿನ ಆನು ಎರಡು ಪ್ಲಾಸ್ಟಿಕ್ಕಿಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಇರುಳು ಒರಕ್ಕು ಬೈಂದಿಲ್ಲೆ. ಐದು ನಿಮಿಷ ತಡವಾಗಿ ಫೋನು ಬಂದಿದ್ದರೆ! ನಿಂಗಳ ಮನೆಲಿ ನಾಯಿಯೂ ಪುಚ್ಚೆಯೂ ಇದ್ದರೆ ಇದೊಂದರ ಮಾತ್ರ ಮರವಲಾಗ.

ಚಿಂತೆಯ ಮಾತು ತೆಗದರೆ ಕೂಸು ನೆಗೆ ಮಾಡಿತ್ತು. 'ಎಲ್ಲೋರೂ ಸುರುವಿಂಗೆ ಹಾಂಗೇ ಹೇಳುದು ದೊಡ್ಡಬ್ಬೆ.' ಹಾಂಗೆ ಹೇಳಿ 2006ರಲ್ಲಿ ಪ್ರಕಟ ಆದ ಒಂದು ಅಧ್ಯಯನದ ಸುದ್ದಿ ಹೇಳಿತ್ತು. ಮನಸ್ಸಿನ ಕಾರಣಂದ ರೋಮ ಕಿತ್ತುಗೊಳ್ತವು ಹೇಳಿ ತೀರ್ಮಾನ ಮಾಡಿದ 21 ಪುಚ್ಚೆಗಳ ಸರಿಯಾಗಿ ಪರೀಕ್ಷೆ ಮಾಡಿಯಪ್ಪಗ, 16ಕ್ಕೆ ಇದ್ದದು ದೇಹದ್ದೇ ಕಾಯಿಲೆ. ಬರೀ ಮನಸ್ಸಿಂದು ಎರಡಕ್ಕೆ ಮಾತ್ರ. ಒಳುದ ಮೂರಕ್ಕೆ ಎರಡೂ ಸೇರಿದ್ದು. ಎನಗೆ ಅದರ ಕೇಳಿ ರಜ್ಜ ಕೋಪವೇ ಬಂತು. ಎನ್ನ ಬೊಳ್ಳಿಯ ದುಃಖವ ಆರೋ ಲೆಕ್ಕ ಹಾಕಿ ಕಳದ ಹಾಂಗೆ.

ಮರದಿನ ಪುತ್ತೂರಿಂಗೆ ಕರಕ್ಕೊಂಡು ಹೋದೆಯೊ°. ಕರಕ್ಕೊಂಡು ಹೋದ ಕತೆ ಬರದರೆ ಅದೇ ಎರಡು ಪುಟ ಅಕ್ಕು. ಕುರುವೆಗೆ ಇನ್ನೊಂದು ಕುರುವೆ ಕವುಚಿ ಬಳ್ಳಿ ಕಟ್ಟಿದ್ದು, ಕಬಕ ಎತ್ತುವ ಮದಲೇ ಕಾರಿನ ಸ್ಟೇರಿಂಗಿನ ಮೇಲೆ ಪುಚ್ಚೆ.

ಡಾಕ್ಟ್ರು ಸಣ್ಣ ಪ್ರಾಯದ ಹೆಮ್ಮಕ್ಕೊ. ಬೋಳಾದ ಜಾಗೆಯ ಅಂಚಿಲ್ಲಿ ಬೆರಳು ಆಡ್ಸಿ, ಎನ್ನ ಬೆರಳನ್ನೂ ಹಿಡುದು ಅಲ್ಲಿ ಮಡಗಿದವು. 'ಮುಟ್ಟಿ ನೋಡಿ ಅಮ್ಮ, ಗಡ್ಡ ತೆಗೆದ ಮರುದಿನದ ಹಾಗೆ ಚುಚ್ಚುತ್ತದಲ್ಲ? ಕೂದಲು ಬುಡದಿಂದ ಉದುರಿದ್ದಲ್ಲ, ನಾಲಗೆಯಲ್ಲಿ ತುಂಡಾದದ್ದು.' ಅಪ್ಪು, ಚುಚ್ಚಿತ್ತು. ಮತ್ತೆ ಪ್ರಶ್ನೆಗೊ. ಯಾವ ಹೊತ್ತಿಂಗೆ ಹೆಚ್ಚು ನಕ್ಕುದು? ಊಟ ಎಂತ, ಬದಲಾಯಿದೊ? ಮೂತ್ರ ಸರಿ ಮಾಡ್ತೊ, ಪದೇ ಪದೇ ಹೋಗಿ ಕೂರ್ತೊ? ಹೊಟ್ಟೆಯ ಕೆಳಾಣ ಹೊಡೆಯನ್ನೇ ನಕ್ಕುವ ಪುಚ್ಚೆಗೆ ಮೂತ್ರಕೋಶಲ್ಲಿ ಬೇನೆ ಇಪ್ಪಲೂ ಸಾಕಡ. ನವಗೆ ಬೇನೆ ಆದಲ್ಲಿ ನಾವು ಕೈಲಿ ತಿಕ್ಕುತ್ತು, ಅದು ನಕ್ಕುತ್ತು. ಪ್ರಾಯ ಆದವಕ್ಕೆ ಗೆಂಟುಬೇನೆ ಇದ್ದರೂ ಆ ಗೆಂಟಿನ ಮೇಲೆಯೇ ನಕ್ಕುಗಡ. ಇದರ ಮಧ್ಯಲ್ಲಿ ಅವು ಹೇಳಿದ ಒಂದು ಮಾತು ಗೆಂಡು ಪುಚ್ಚೆ ಸಾಂಕಿದವಕ್ಕೆ: ಅದು ಮೂತ್ರಕ್ಕೆ ಕೂದು ಕೂದು ಒಂದು ಹನಿಯೂ ಬಾರದ್ದರೆ ನಾಳೆ ನೋಡುವ° ಹೇಳಿ ಕೂಬಲಾಗ, ಅದೇ ದಿನ ಓಡೆಕ್ಕು. ಮೂತ್ರ ಕಟ್ಟಿರೆ ಒಂದೆರಡು ದಿನಲ್ಲಿ ಜೀವಕ್ಕೇ ಬಕ್ಕು.

ಬೊಳ್ಳಿಗೆ ಮೂತ್ರದ ತೊಂದರೆ ಇತ್ತಿಲ್ಲೆ. ಹುಳಕಜ್ಜಿದು, ಶಿಲೀಂಧ್ರದ್ದು ಹೇಳಿ ಚರ್ಮ ಕೆರಸಿ ನೋಡಿದವು, ಅದುದೇ ಇಲ್ಲೆ. ಮತ್ತೆ ಒಂದು ಸಣ್ಣ ಹಲ್ಲಿನ ಹಣಿಗೆ ತೆಗದು ಬೀಲದ ಬುಡಂದ ಬೆನ್ನಿನ ಬಾಚಿದವು. ಕಪ್ಪು ಹೊಡಿ ಬಿದ್ದತ್ತು, ಗೆಣಮೆಣಸಿನ ಹೊಡಿಯ ಹಾಂಗೆ. ಆನು ಮಣ್ಣು ಹೇಳಿ ಗ್ರೇಶಿದೆ. ಡಾಕ್ಟ್ರು ಅದರ ಚೆಂಡಿ ಮಾಡಿದ ಬೆಳಿ ಹತ್ತಿಯ ಮೇಲೆ ಹಾಕಿ ರಜ್ಜ ಒತ್ತಿದವು. ನೋಡಿಯೊಂಡಿದ್ದ ಹಾಂಗೇ ಸುತ್ತ ಕೆಂಪು ಹರಡಿತ್ತು. 'ಮಣ್ಣಾದರೆ ಕೆಂಪಾಗುವುದಿಲ್ಲ. ಇದು ಚಿಗಟದ ಹಿಕ್ಕೆ. ನಿಮ್ಮ ಬೆಕ್ಕಿನ ರಕ್ತವೇ.'

ಚಿಗಟವೊ! ಒಂದೇ ಒಂದು ಚಿಗಟವ ಆನು ಕಂಡಿದಿಲ್ಲೆ. ಕಾಂಬಲೆ ಸಿಕ್ಕ ಹೇಳಿದವು. ನಕ್ಕುವಗ ಪುಚ್ಚೆಯೇ ಚಿಗಟವ ನುಂಗುತ್ತು. ಹಾಂಗೆ ನುಂಗಿದ ಚಿಗಟಂದಲೇ ಅದರ ಹೊಟ್ಟೆಲಿ ಲಾಡಿಹುಳವೂ ಆವ್ತು, ಬೀಲದ ಅಡಿಲಿ ಒಣಗಿದ ಅಕ್ಕಿಕಾಳಿನ ಹಾಂಗೆ ಅಂಟಿಗೊಂಡಿಪ್ಪದು ಅದರ ತುಂಡುಗೊ. (ಎನಗೆ ಅದರ ಕಂಡ ನೆಂಪು ಇತ್ತು, ಅಕ್ಕಿ ಗೇರುವಲ್ಲಿ ಮನುಗಿದ್ದದಾಯಿಕ್ಕು ಹೇಳಿ ಉದ್ದಿ ಇಡ್ಕಿತ್ತಿದ್ದೆ. ಈಗ ಗ್ರೇಶಿರೆ ಮೈ ಜುಂ ಹೇಳ್ತು.) ಚಿಗಟದ ಎಂಜಲು ಆಗದ್ದ ಪುಚ್ಚೆಗೆ ಒಂದೆರಡು ಕಚ್ಚಿರೆ ಸಾಕು, ದಿನಗಟ್ಲೆ ಇಡೀ ಮೈ ತೊರುಸುಗು. ಅದು ತೊರುಸುದರ ಕೆರಕ್ಕೊಂಬದಲ್ಲ, ನಕ್ಕಿಗೊಂಬದು. ಹಾಂಗಾಗಿ ನವಗೆ ತೊರುಸುದು ಹೇಳಿ ಗೊಂತೇ ಆವ್ತಿಲ್ಲೆ.

ತೊರಿಕೆ ಇಳಿವಲೆ ಒಂದು ಇಂಜೆಕ್ಷನು ಕೊಟ್ಟವು, ಹುಳಕ್ಕೆ ಮಾತ್ರೆ. ತೂಕ ನೋಡಿ ಪುಚ್ಚೆಗೆ ಹೇಳಿಯೇ ಇಪ್ಪ ಬಿಂದು ಮದ್ದು, ತಿಂಗಳಿಂಗೆ ಒಂದರಿ, ಕಮ್ಮಿಲಿ ಮೂರು ತಿಂಗಳು. ಮನೆ ನಾಯಿ ಕಾಳುವಿಂಗೆ ಬೇರೆಯೇ ಮದ್ದು, ಅದೇ ದಿನ ಹಾಕೆಕ್ಕು, ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಪ್ರಯೋಜನ ಇಲ್ಲೆ. ಕೊರಳಿಂಗೆ ಹಾಕುವ ಪ್ಲಾಸ್ಟಿಕ್ಕಿನ ಕೊಡೆಯ ಹಾಂಗಿಪ್ಪದರ ತೋರ್ಸಿದವು. ಅದು ಬೇಡ, ತೊರಿಕೆ ಹಾಂಗೇ ಮಡಗಿ ನಕ್ಕದ್ದ ಹಾಂಗೆ ಮಾಡಿರೆ ಅದಕ್ಕೆ ಮತ್ತೂ ಹಿಂಸೆ ಹೇಳಿ ಅವ್ವೇ ಹೇಳಿದವು. ಹುಣ್ಣು ಆಗಿದ್ದರೆ ಮಾತ್ರ.

ಹೆರಡುವಗ ಕೇಳಿದವು: 'ಬೆಕ್ಕು ಮಲಗುವುದು ಎಲ್ಲಿ? ಅಲ್ಲಿಯ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ಒಗೆಯಬೇಕು. ಬೆಕ್ಕಿನ ಮೈಮೇಲೆ ಇರುವುದು ಚಿಗಟದ ಸಂಸಾರದಲ್ಲಿ ಸ್ವಲ್ಪ ಪಾಲು ಮಾತ್ರ. ಮೊಟ್ಟೆ, ಮರಿ, ಗೂಡು ಎಲ್ಲ ಅದು ಮಲಗುವ ಜಾಗದಲ್ಲಿರುತ್ತದೆ.' ಗೂಡಿನ ಒಳ ಇಪ್ಪ ಚಿಗಟ ತಿಂಗಳುಗಟ್ಲೆ ಕಾದು ಕೂರ್ತಡ. ಆರಾದರೂ ಹತ್ರೆ ಬಂದರೆ, ಆ ಬೆಶಿಗೆ, ಕಾಲಿನ ಅದುರಿಂಗೆ, ಉಸಿಲಿಂಗೆ ಗೊಂತಾಗಿ ಹೆರ ಹಾರುದು.

'ಜೆಗಿಲಿಲಿ ಒರಗುದು, ಅಟ್ಟಲ್ಲಿ ಒರಗುದು' ಹೇಳಿದೆ. ಹಾಂಗೆ ಹೇಳಿಯೊಂಡು ಇಪ್ಪಗಳೇ ಎನಗೆ ಒಂದು ಸಂಶಯ ಬಂತು. ಅಟ್ಟಂದ ಅತ್ತೆಯ ಕೋಣೆಗೆ ಗೋಡೆಯ ಮೇಗಂದ ಒಂದು ಸಂದು ಇದ್ದು.

ಮನಗೆ ಬಂದು ಕಾಲು ತೊಳವ ಮದಲೇ ಆ ಕೋಣೆಯ ಚಿಲಕ ತೆಗದೆ. ಎರಡೂವರೆ ತಿಂಗಳು ಮುಚ್ಚಿದ್ದ ಕೋಣೆ. ಮಂಚದ ಮೇಲೆ ಅತ್ತೆಯ ಹೊದಕ್ಕೆ, ಅದರ ನಡುಗೆ ಪುಚ್ಚೆ ಸುರುಟಿ ಮನುಗಿದ ಗುರುತು, ತಟ್ಟೆಯಷ್ಟು ದೊಡ್ಡ ಗುಂಡಿ, ಬೂದಿ ರೋಮ ತುಂಬಿದ್ದು. ದಿನವೂ ಅಟ್ಟಂದ ಇಳುದು ಅಲ್ಲಿ ಒರಗಿಯೊಂಡಿತ್ತು. ಆನು ಎರಡು ಹೆಜ್ಜೆ ಒಳ ಮಡಗಿದ್ದಷ್ಟೆ, ಕಾಲಿಂಗೆ ಚುಳುಚುಳು ಕಚ್ಚುಲೆ ಸುರು. ಸೀರೆ ನೆಗ್ಗಿ ನೋಡಿರೆ ಎನ್ನ ಬೆಳಿ ಒಳಲಂಗದ ಅಂಚಿಲ್ಲಿ ಎಳ್ಳಿನ ಹಾಂಗೆ ಏಳೆಂಟು. ಹಾರಿಯೊಂಡಿದ್ದವು.

ಅಲ್ಲಿಯೇ ಬಾಗಿಲ ದಾರಂದಕ್ಕೆ ಎರಗಿ ಕೂದೆ. ಆನು ಒಗೆಯದ್ದೆ ಮಡಗಿದ ಹೊದಕ್ಕೆ. ಒಗದರೆ ಅತ್ತೆಯ ವಾಸನೆ ಹೋಕು ಹೇಳಿ ಬಾಗಿಲು ಹಾಕಿದ್ದು ಆನು. ಬೊಳ್ಳಿ ಅದೇ ವಾಸನೆ ಹುಡ್ಕಿಯೊಂಡು ಹೋದ್ದದು, ಎನಗೆ ಬಾಗಿಲಿಂದ, ಅದಕ್ಕೆ ಸಂದಿಂದ, ಅಷ್ಟೇ ವೆತ್ಯಾಸ. ಹಾಂಗೆ ಹೋದ ತಪ್ಪಿಂಗೆ ಅದರ ಮೈ ಹೀಂಗಾದ್ದು. ಅಂದು ಕೂಗಿದೆ. ಹದಿಮೂರು ದಿನಲ್ಲಿ ಬಾರದ್ದ ಕೂಗಾಣ ಎಲ್ಲ ಅಂದು ಬಂತು. ಕಾಲಿಂಗೆ ಚಿಗಟ ಕಚ್ಚಿಯೊಂಡೇ ಇತ್ತು.

ಇವು ಬಂದು 'ಎಂತಾತು?' ಕೇಳಿದವು. 'ಚಿಗಟ' ಹೇಳಿದೆ.

ಮರದಿನ ಬೆಶಿನೀರ ಕೊಟ್ಟಗೆಯ ಹಂಡೆಲಿ ನೀರು ಕೊದುಶಿ ಹೊದಕ್ಕೆಯ ಮುಳುಗ್ಸಿದೆ. ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಸೆ, ತಲೆಕೊಂಬು, ಕಾಲೊರಸು, ಎಲ್ಲ. ತಲೆಕೊಂಬಿನ ಹತ್ತಿ ಹೊತ್ತುಸಿದೆಯೊ°. ಮಗಳ ಮನೆಂದ ವ್ಯಾಕ್ಯೂಮು ತಂದು ಅಟ್ಟದ ಹಲಗೆಗಳ ಎಡೆ, ಮಂಚದ ಅಡಿ, ಕಾವಿ ನೆಲದ ಬಿರುಕು ಎಲ್ಲ ಎಳದು, ಆ ಕಸವ ಅಂದಂದೇ ಕಿಚ್ಚಿಂಗೆ. ವಾರಕ್ಕೆ ಎರಡು ಸರ್ತಿ ಹಾಂಗೆ. ಬೇನೆ ಬೆನ್ನಿಂಗೆ ಬಂತು, ಅದು ಬೇರೆ ಕತೆ. ಎರಡನೇ ವಾರ ಮತ್ತೆ ಚಿಗಟ ಕಂಡಪ್ಪಗ ಮದ್ದು ಸುಳ್ಳು ಹೇಳಿ ಕಂಡತ್ತು. ಕೂಸು ಹೇಳಿತ್ತು, ಅದು ಮದಲಾಣ ಗೂಡಿಂದ ಈಗ ಹೆರಟದು, ಮದ್ದು ಹಾಕಿದ ಪುಚ್ಚೆಯ ಕಚ್ಚಿ ಸಾಯ್ತು, ಬಿಡದ್ದೆ ಮಾಡು. ಸತ್ಯವೇ ಆತು.

ವಿಷುವಿಂಗೆ ಹೊಟ್ಟೆಲಿ ಸಣ್ಣಕೆ ಬೆಳಿ ರೋಮ ಬಪ್ಪಲೆ ಸುರು ಆತು. ಆದರೆ ಹೊತ್ತು ಕಂತುವ ಹೊತ್ತಿಂಗೆ, ದೀಪ ಮಡಗುವಗ, ಬೊಳ್ಳಿ ಬಂದು ಕೋಣೆಯ ಬಾಗಿಲಿಲ್ಲಿ ಕೂದು ಮುಂದಾಣ ಕಾಲಿನ ನಕ್ಕುಗು. ಆ ಹೊತ್ತಿಂಗೆ ಮಾತ್ರ. ಅತ್ತೆ ಹಾಸಿಗೆಲಿ ಕಾಲು ನೀಡಿ ಕೂದು ಜೆಪ ಮಾಡ್ತ ಹೊತ್ತು ಅದು. ಕೂಸಿನ ಹತ್ರೆ ಹೇಳಿದೆ, 'ಈಗ ಚಿಗಟ ಇಲ್ಲೆನ್ನೆ?' 'ಇಲ್ಲೆ ದೊಡ್ಡಬ್ಬೆ. ಇದು ನಿನ್ನದೇ ಲೆಕ್ಕದ್ದಾದಿಕ್ಕು' ಹೇಳಿತ್ತು. ಬೈವಲಾಗ, ನಕ್ಕುವಗ ಎತ್ತಿ ಕೊಂಡಾಟವೂ ಮಾಡ್ಲಾಗ, ನಕ್ಕಿರೆ ಕೊಂಡಾಟ ಸಿಕ್ಕುತ್ತು ಹೇಳಿ ಕಲಿಗು. ಅದು ಸುರು ಮಾಡುವ ಮದಲೇ, ಅದೇ ಹೊತ್ತಿಂಗೆ, ದಿನಾಗಳೂ ತಪ್ಪದ್ದೆ ಬೇರೆ ಎಂತಾರು ಕೊಡೆಕ್ಕು. ಊಟವೋ, ಆಟವೋ, ಒರಗುಲೆ ಒಂದು ಜಾಗೆಯೋ. ಅದರಲ್ಲೂ ಕಮ್ಮಿ ಆಗದ್ದರೆ ಡಾಕ್ಟ್ರು ಮನಸ್ಸಿಂಗೆ ಕೊಡುವ ಮಾತ್ರೆಯೂ ಇದ್ದಡ, ಎಂಗೊಗೆ ಬೇಕಾಯಿದಿಲ್ಲೆ.

ಈಗ ಆ ಕೋಣೆಗೆ ಚಿಲಕ ಇಲ್ಲೆ. ದೀಪ ಮಡಗಿಕ್ಕಿ ಆನು ಮರದಿನದ ಪೂಜೆಗೆ ಹೂಗಿನ ಕುರುವೆ ತೆಕ್ಕೊಂಡು ಅಲ್ಲಿ ಕೂಪದು, ಮಂಚದ ತಲೆ ಹೊಡೆಲಿ. ಹೊದಕ್ಕೆ ಕಾಲ ಹೊಡೆಲಿ. ಈಗ ಅದರಲ್ಲಿ ಬರೀ ಸೋಪಿನ ವಾಸನೆ. ಬೊಳ್ಳಿ ಸುರುವಾಣ ದಿನ ಅದರ ಮೂಸಿ ಮೂಸಿ, ಎನ್ನ ಮೋರೆ ನೋಡಿ, ಇಳುದು ಹೋತು. ನಾಲ್ಕನೇ ದಿನ ಹತ್ತಿತ್ತು. ಎರಡು ಸರ್ತಿ ಕಾಲು ನಕ್ಕಿತ್ತು, ನೂಲಿನ ಕೊಡಿಯ ಆಡ್ಸಿದೆ, ಅದರ ಹಿಡಿವಲೆ ಹೋಗಿ ನಕ್ಕುದರ ಮರತ್ತತ್ತು. ಆನು ಮಲ್ಲಿಗೆ ಕಟ್ಟಿ ಮುಗಿವಗ ಎನ್ನ ಕಾಲಿಂಗೆ ಒತ್ತಿ ಒರಗಿತ್ತು. ಎನ್ನ ಕಾಲುದೇ ಈಗೀಗ ತಂಪಾವ್ತು.